ವಂದನಾರ್ಪಣೆ ಕಲಿತ ಸಂಸದರು

ಮನುಷ್ಯನ ಗುಣಗಳಲ್ಲೆಲ್ಲ ಕೃತಜ್ಞತೆಯೇ ಶ್ರೇಷ್ಠವಾದದ್ದು. ಅದಿಲ್ಲದ ಸಮಾಜ ಹೆಚ್ಚು ಕಾಲ ಬಾಳಲಾರದು. ಆದರೆ ಅದನ್ನು ಮೈಕಿನ ಮುಂದೆ ನಿಂತು ಹೇಳುವ ಹೊತ್ತಿಗೆ ಆ ಸಮಾಜ ಎದ್ದು ಹೋಗಿ ಊಟದ ಸಾಲಿನಲ್ಲಿ ನಿಂತಿರುತ್ತದೆ.

ಇದು ನಾನು ಪುಸ್ತಕ ಓದಿ ಕಲಿತದ್ದಲ್ಲ. ದುಬೈಯ ನಮ್ಮ ಕನ್ನಡ ಸಂಘದಲ್ಲಿ ವಂದನಾರ್ಪಣೆಯ ಹೊಣೆ ಬಹಳ ವರ್ಷ ನನ್ನ ಮೇಲಿತ್ತು. ಸಂಘಗಳಲ್ಲಿ ಸ್ವಾಗತ ಭಾಷಣಕ್ಕೆ ಪೈಪೋಟಿ ಇರುತ್ತದೆ. ಪ್ರಾಸ್ತಾವಿಕ ಮಾತಿಗೂ ಇರುತ್ತದೆ. ಅತಿಥಿಗಳಿಗೆ ಹೂಗುಚ್ಛ ಯಾರು ಕೊಡಬೇಕೆಂಬ ಪೈಪೋಟಿಯಲ್ಲಿ ಒಂದು ಸಂಘ ಎರಡಾದದ್ದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ವಂದನಾರ್ಪಣೆಗೆ ಮಾತ್ರ ಪ್ರತಿಸ್ಪರ್ಧಿಗಳಿಲ್ಲ. ಖಾಲಿ ಕುರ್ಚಿಗಳಿಗೆ ಗಟ್ಟಿ ದನಿಯಲ್ಲಿ ಧನ್ಯವಾದ ಹೇಳಬಲ್ಲ ಗಂಭೀರ ಮನುಷ್ಯನೊಬ್ಬ ಬೇಕು. ಅಂಥವನು ಸಿಕ್ಕಿದರೆ ಮತ್ತೆ ಅವನನ್ನು ಯಾರೂ ಬಿಟ್ಟುಕೊಡುವುದಿಲ್ಲ.

ಈ ವಿದ್ಯೆಯನ್ನು ನನ್ನಿಂದ ಕಲಿತ ಶಿಷ್ಯರು ಒಬ್ಬರೇ. ಅವರು ಬ್ರಿಟನ್ನಿನ ಪಾರ್ಲಿಮೆಂಟಿಗೆ ಹೋದರು. ಕಲಿಯದೆ ಉಳಿದವರು ಇನ್ನೂ ದುಬೈಯ ಹಳೆಯ ಪೇಟೆ ದೇರಾದಲ್ಲಿಯೇ ಇದ್ದಾರೆ.

ಹೊಟ್ಟೆಪಾಡಿಗೆ ನಾನು ದುಬೈ ಸಿಲಿಕಾನ್ ಓಯಸಿಸ್‌ನ ಒಂದು ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಆಗಿದ್ದೆ. ಎತ್ತರದ ಕಟ್ಟಡಗಳಿಗೆ ಬೆಂಕಿಯ ಅಲಾರಾಂ, ತುರ್ತು ಬಾಗಿಲು, ಸೀಲಿಂಗಿನಿಂದ ನೀರು ಚಿಮ್ಮಿಸುವ ಕೊಳವೆ ಇವನ್ನೆಲ್ಲ ಕೂರಿಸುವ ಕಂಪನಿ ಅದು. ಯಾವ ಕಟ್ಟಡದ ನಕ್ಷೆ ಯಾವ ಕಪಾಟಿನಲ್ಲಿದೆ ಎಂದು ಕೇಳಿದವರಿಗೆ ಹೇಳುವುದು ನನ್ನ ಕೆಲಸ. ಊರಿನಲ್ಲಿ ನನ್ನ ಅಕ್ಕ ಈ ಹುದ್ದೆಯ ಎರಡನೆಯ ಪದವನ್ನು ಮಾತ್ರ ಹಿಡಿದುಕೊಂಡು 'ತಮ್ಮ ದುಬೈಯಲ್ಲಿ ಕಂಟ್ರೋಲರ್' ಎಂದು ನೆರೆಕರೆಯಲ್ಲಿ ಸಾರಿದ್ದರಿಂದ, ರಜೆಯಲ್ಲಿ ಹೋದಾಗ ಜನ ನನ್ನೆದುರು ಸ್ವಲ್ಪ ಬಗ್ಗಿಯೇ ಮಾತಾಡುತ್ತಿದ್ದರು. ನಾನು ಅದನ್ನು ತಿದ್ದುವ ಗೋಜಿಗೆ ಹೋಗಲಿಲ್ಲ.

ಆಫೀಸಿನ ಮುಖ್ಯಸ್ಥರು ಇಂಗ್ಲಿಷರು. ಹೆಸರು ಹಿಡಿದೇ ಕರೆಯಬೇಕೆಂದು ಅವರ ಆಜ್ಞೆ. ನನಗೆ ಅದು ಬಾಯಿಗೆ ಬರುತ್ತಿರಲಿಲ್ಲ. ಎದುರಿಗೆ ಒಂದು ಸಲ ಕೆಮ್ಮಿ ಮಾತು ಶುರುಮಾಡುತ್ತಿದ್ದೆ, ಹಿಂದಿನಿಂದ ಸಾಹೇಬರು ಎನ್ನುತ್ತಿದ್ದೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಇಂಗ್ಲೆಂಡಿನ ಉತ್ತರ ಭಾಗದ ಕಡಲತೀರದ ಒಂದು ಸಣ್ಣ ಊರು ಅವರದು. ತಂದೆ ಸಿಟಿ ಬಸ್ಸಿನ ಡ್ರೈವರ್, ತಾಯಿಗೆ ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಇವರು ಮೊದಲು ಅಗ್ನಿಶಾಮಕ ದಳದಲ್ಲಿ ಇದ್ದು, ಉರಿಯುವ ಮನೆಗಳ ಏಣಿ ಹತ್ತಿ ಇಳಿದು ಸಾಕಾದ ಮೇಲೆ, ಬೆಂಕಿ ಬೀಳದ ಹಾಗೆಯೇ ಕಟ್ಟುವುದು ಒಳ್ಳೆಯದೆಂದು ಎಂಜಿನಿಯರಿಂಗ್ ಓದಿ ಗಲ್ಫಿಗೆ ಬಂದವರು. ಯಾವ ಕೋಣೆಗೆ ಹೋದರೂ ಮೊದಲು ಬಾಗಿಲು ಎಷ್ಟಿವೆ ಎಂದು ನೋಡುತ್ತಿದ್ದರು. ನಮ್ಮ ಮನೆಗೆ ಒಮ್ಮೆ ಊಟಕ್ಕೆ ಬಂದಾಗಲೂ ನೋಡಿದರು. ನನ್ನ ಹೆಂಡತಿ ಗಾಬರಿಯಾಗಿ, "ಎಂತ, ಅವರಿಗೆ ನಮ್ಮ ಮನೆ ಸರಿ ಕಾಣ್ಲಿಲ್ವಾ? ಓಡಿ ಹೋಗ್ಲಿಕ್ಕೆ ದಾರಿ ಹುಡುಕುದಾ?" ಎಂದು ಅಡುಗೆಮನೆಗೆ ಕರೆದು ಕೇಳಿದಳು.

ಅವರಿಗೆ ನಾನು ಋಣಿಯಾದ ಬಗೆ ಇಷ್ಟು. ಕಳೆದ ದಶಕದ ಆರಂಭದಲ್ಲಿ, ಸಾಲದ ಬಿಕ್ಕಟ್ಟಿನಿಂದಾಗಿ, ದುಬೈಯ ಕಟ್ಟಡಗಳೆಲ್ಲ ಅರ್ಧಕ್ಕೆ ನಿಂತಿದ್ದವು. ಕ್ರೇನುಗಳು ಗಾಳಿಗೆ ಸುಮ್ಮನೆ ತಿರುಗುತ್ತಿದ್ದವು. ಕಟ್ಟಡವೇ ಏಳದಿದ್ದರೆ ಅದಕ್ಕೆ ಬೆಂಕಿ ಎಲ್ಲಿಂದ ಬೀಳಬೇಕು? ನಮ್ಮ ಕಂಪನಿಯಲ್ಲಿ ಒಬ್ಬೊಬ್ಬರಾಗಿ ಖಲಾಸ್. ಆ ವರ್ಷ ನನ್ನ ಮಗಳು ಹತ್ತನೆಯ ತರಗತಿಯ ಬೋರ್ಡ್ ಪರೀಕ್ಷೆಗೆ ಕೂರಬೇಕಿತ್ತು. ವೀಸಾ ಕ್ಯಾನ್ಸಲ್ ಆದರೆ ತಿಂಗಳೊಳಗೆ ಗಂಟುಮೂಟೆ ಕಟ್ಟಬೇಕು. ಅವಳ ವರ್ಷ ಅಲ್ಲಿಗೆ ಹೋದಂತೆ. ಎಚ್.ಆರ್. ನೋಡಿಕೊಳ್ಳುತ್ತಿದ್ದ ಹೆಂಗಸು ನನ್ನನ್ನು ಕಂಡರೆ ಮುಖ ತಿರುಗಿಸತೊಡಗಿದಾಗಲೇ ನನಗೆ ಗೊತ್ತಾಗಿತ್ತು. ಆದರೆ ತಿಂಗಳು ಕಳೆಯಿತು, ಮತ್ತೊಂದು ಕಳೆಯಿತು, ನನ್ನನ್ನು ಯಾರೂ ಕರೆಯಲಿಲ್ಲ. ಪರೀಕ್ಷೆ ಮುಗಿದ ಮೇಲೆ ಅದೇ ಹೆಂಗಸು ಹೇಳಿದಳು: ಸಾಹೇಬರು ಹೆಡ್ ಆಫೀಸಿನವರ ಹತ್ತಿರ ಜಗಳವಾಡಿ, ಇವರನ್ನು ತೆಗೆಯುವುದಾದರೆ ನನ್ನನ್ನೂ ಸೇರಿಸಿ ತೆಗೆಯಿರಿ ಎಂದಿದ್ದರಂತೆ.

ನಾನು ಕೋಟು ಹಾಕಿಕೊಂಡು ಅವರ ಕೋಣೆಗೆ ಹೋಗಿ ಕೆಮ್ಮಿದೆ. ಧನ್ಯವಾದದ ಮೊದಲ ವಾಕ್ಯ ಮುಗಿಯುವ ಮೊದಲೇ ಅವರು ತಲೆಯೆತ್ತದೆ ಹೇಳಿದರು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಕೊಡುತ್ತಿದ್ದೇನೆ.

"ನಿಮ್ಮ ಕಪಾಟುಗಳನ್ನು ಹೊರಗೆ ಸಾಗಿಸಲಿಕ್ಕೆ ಲಾರಿ ಸಿಗಲಿಲ್ಲ. ಅಷ್ಟೇ. ಬಾಗಿಲು ಹಾಕಿಕೊಂಡು ಹೋಗಿ."

ಊರವರಿಗೆಲ್ಲ ಧನ್ಯವಾದ ಹೇಳುವ ಮನುಷ್ಯನಿಗೆ ತನ್ನ ಸ್ವಂತದ್ದೊಂದನ್ನು ಹೇಳಲು ಅವಕಾಶವಿಲ್ಲವಾಯಿತು. ಅದು ಹೊಟ್ಟೆಯಲ್ಲಿ ಜೀರ್ಣವಾಗದೆ ಕುಳಿತಿತು.

ಒಂದೆರಡು ವರ್ಷದ ನಂತರ ಒಂದು ಮಧ್ಯಾಹ್ನ ಅವರೇ ನನ್ನನ್ನು ಕರೆದರು. ಬಾಗಿಲು ಹಾಕಿಸಿದರು. ತಮ್ಮೂರಿನಿಂದ ಪಾರ್ಲಿಮೆಂಟಿಗೆ ನಿಲ್ಲಬೇಕೆಂದಿರುವುದಾಗಿ ಹೇಳಿದರು. ತಂದೆ ಬಸ್ಸು ಓಡಿಸಿದ ರಸ್ತೆಗಳಿಗೆ ಈಗ ಬಸ್ಸೇ ಬರುವುದಿಲ್ಲವಂತೆ. ಮುದುಕರು ಆಸ್ಪತ್ರೆಗೆ ನಡೆದು ಹೋಗುತ್ತಾರಂತೆ. ಚಿಕ್ಕಂದಿನಿಂದ ಇದ್ದ ಆಸೆ, ಇನ್ನು ತಡಮಾಡಿದರೆ ಆಗುವುದಿಲ್ಲ. ಹೆಂಡತಿ ಒಪ್ಪಿದ್ದಾರೆ, ಇಲ್ಲಿಯ ಕೆಲಸ ಬಿಡಲು ಇಬ್ಬರೂ ತಯಾರು.

"ಒಂದೇ ತೊಂದರೆ. ನನಗೆ ಭಾಷಣ ಬರುವುದಿಲ್ಲ."

ಇದು ವಿನಯವಲ್ಲ, ವಸ್ತುಸ್ಥಿತಿ. ಸಾಹೇಬರು ಜನರೆದುರು ನಿಂತರೆ ಬಾಯಿಂದ ಬರುತ್ತಿದ್ದದ್ದು ಒಂದೇ: ಗಾಬರಿಯಾಗಬೇಡಿ, ಓಡಬೇಡಿ, ಲಿಫ್ಟ್ ಬಳಸಬೇಡಿ. ಅವರ ದೇಶದಲ್ಲಿ ಪಕ್ಷದ ಟಿಕೆಟ್ ದೆಹಲಿಯಿಂದ ಬರುವ ಹಾಗೆ ಮೇಲಿಂದ ಇಳಿದು ಬರುವುದಿಲ್ಲ. ಊರಿನ ಪಕ್ಷದ ಸದಸ್ಯರು ಒಂದು ಹಾಲಿನಲ್ಲಿ ಸೇರಿ, ಆಕಾಂಕ್ಷಿಗಳು ಮಾತಾಡುವುದನ್ನು ಕೇಳಿ, ಓಟು ಹಾಕಿ ಅಭ್ಯರ್ಥಿಯನ್ನು ಆರಿಸುತ್ತಾರೆ. ಭಾಷಣ ಕೆಟ್ಟರೆ ಮನೆಗೆ. ಅವರ ಜೀವಮಾನದ ಆಸೆ ಅವರ ನಾಲಿಗೆಯ ಮೇಲೆ ನಿಂತಿತ್ತು. ಆ ನಾಲಿಗೆಯೋ ತುರ್ತು ಬಾಗಿಲು ಬಿಟ್ಟು ಬೇರೆ ದಾರಿ ಕಾಣದ್ದು.

"ನೀವು ಪ್ರತಿ ತಿಂಗಳು ಯಾವುದೋ ಸ್ಟೇಜ್ ಮೇಲೆ ಇರುತ್ತೀರಿ. ನನಗೂ ಒಂದು ಹತ್ತು ನಿಮಿಷ ಕೊಡಿಸಿ. ನನ್ನ ಪರಿಚಯ ಇಲ್ಲದ ಜನ ಬೇಕು, ಎಡವಟ್ಟಾದರೂ ನನ್ನೂರಿಗೆ ಸುದ್ದಿ ಹೋಗಬಾರದು."

ನಮ್ಮ ಸಂಘದ ಅಧ್ಯಕ್ಷರು ದೇರಾದಲ್ಲಿ ವ್ಯಾಪಾರ ಇದ್ದ, ಉಡುಪಿ ಕಡೆಯ, ದೊಡ್ಡ ಮನಸ್ಸಿನ, ಅದಕ್ಕಿಂತ ದೊಡ್ಡ ದನಿಯ ಮನುಷ್ಯ. ವಿಷಯ ಕೇಳಿದ ಕೂಡಲೇ ನನ್ನನ್ನು ಬ್ಯಾನರ್ ಮಾಡಿಸಲು ಪಕ್ಕದ ನೈಫ್ ಪೇಟೆಗೆ ಎಳೆದುಕೊಂಡು ಹೋದರು. ಒಬ್ಬರು ನಮ್ಮ ವೇದಿಕೆ ಹತ್ತಿದರೆ ಅವರಿಗೆ ಸನ್ಮಾನ ಮಾಡದೆ ಕೆಳಗಿಳಿಸುವ ಕ್ರಮವೇ ನಮ್ಮಲ್ಲಿಲ್ಲ. ಸನ್ಮಾನವೆಂದರೆ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಹಿಂದೆ ಬ್ಯಾನರ್. ಬ್ಯಾನರ್ ಎಂದರೆ ಹೆಸರಿನ ಕೆಳಗೆ ಒಂದು ಬಿರುದು.

"ಬ್ರಿಟಿಷ್ ಸಂಸದರು ಅಂತ ಹಾಕಿ," ಎಂದರು ಅಧ್ಯಕ್ಷರು ಬ್ಯಾನರ್ ಅಂಗಡಿಯಲ್ಲಿ.

"ಅವರು ಇನ್ನೂ ಸಂಸದರಲ್ಲ, ಅಧ್ಯಕ್ಷರೇ. ಟಿಕೆಟೇ ಸಿಕ್ಕಿಲ್ಲ."

"ನಾಳೆ ಆಗುವವರಲ್ವಾ ಮಾರಾಯ್ರೇ? ಇವತ್ತು ಹಾಕಿದ್ರೆ ಎಂತ ನಷ್ಟ?"

"ಸುಳ್ಳಾಗ್ತದೆ."

"ಹಾಗಾದ್ರೆ ಭಾವಿ ಅಂತ ಸೇರಿಸಿ. ನಮ್ಮೂರಲ್ಲಿ ಪಂಚಾಯತ್ ಎಲೆಕ್ಷನಿಗೆ ನಿಲ್ಲದವನೂ ಭಾವಿ ಎಮ್ಮೆಲ್ಲೆ ಅಂತ ಬಸ್‌ಸ್ಟ್ಯಾಂಡಲ್ಲಿ ನೇತಾಡ್ತಾ ಇರ್ತಾನೆ. ಇವರು ಹೇಳಿ ಕೇಳಿ ಬ್ರಿಟಿಷರು."

ಹೀಗೆ ಆ ವರ್ಷದ ರಾಜ್ಯೋತ್ಸವಕ್ಕೆ, ಅಬುಧಾಬಿಯ ಸಂಘದ ಜೊತೆ ಸೇರಿ ನಾವು ಅಲ್ಲಿಯೇ ನಡೆಸಿದ ಸಮಾರಂಭದಲ್ಲಿ, ಇಂಗ್ಲೆಂಡಿನಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲದಿದ್ದ ಸಂಗತಿ ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ತೂಗಾಡಿತು: ಬ್ರಿಟನ್ನಿನ ಭಾವಿ ಸಂಸದರಿಗೆ ಹಾರ್ದಿಕ ಸ್ವಾಗತ. ಸಾಹೇಬರು ಅದನ್ನು ನೋಡಿ ಏನು ಬರೆದಿದೆ ಎಂದು ಕೇಳಿದರು. ಹೇಳಿದೆ. ಅವರ ಮುಖ ಬಿಳಿಚಿತು. ಮೊದಲೇ ಬಿಳಿ ಇದ್ದದ್ದರಿಂದ ನನಗೆ ಮಾತ್ರ ಗೊತ್ತಾಯಿತು.

"ನಮ್ಮಲ್ಲಿ ಹೀಗೆ ಹಾಕಿದರೆ ಜನ ನಗುತ್ತಾರೆ."

"ನಮ್ಮಲ್ಲಿ ಹಾಕದಿದ್ದರೆ ನಗುತ್ತಾರೆ," ಎಂದೆ.

ಗಲ್ಫಿನ ವಾರದ ರಜೆಯಾದ ಶುಕ್ರವಾರ ಬೆಳಿಗ್ಗೆ ಶುರುವಾಗಿ ಮಧ್ಯಾಹ್ನದ ಊಟಕ್ಕೆ ಮುಗಿಯಬೇಕಾದ ಕಾರ್ಯಕ್ರಮ. ವೇದಿಕೆಯ ಮೇಲೆ ಒಂದು ಸಾಲು ಗಣ್ಯರು, ಅವರ ಹಿಂದೆ ಗಣ್ಯರಲ್ಲವೆಂದು ಹೇಳಲು ಧೈರ್ಯವಾಗದ ಇನ್ನೊಂದು ಸಾಲು. ಎಲ್ಲರೂ 'ಎರಡೇ ಮಾತು' ಎಂದು ಶುರುಮಾಡಿದರು. ಸಾಹೇಬರ ಸರದಿ ಬಂದಾಗ ಮಧ್ಯಾಹ್ನ ದಾಟಿತ್ತು, ಹಿಂದಿನಿಂದ ಬಿಸಿಬೇಳೆಬಾತಿನ ಪರಿಮಳ ಬರುತ್ತಿತ್ತು, ಮಕ್ಕಳು ಕುರ್ಚಿಗಳ ಕೆಳಗೆ ಮಲಗಿದ್ದವು. ಕಿವಿಯವರೆಗೆ ಇಳಿದ ಪೇಟವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಅವರು ಮೈಕಿನ ಮುಂದೆ ನಿಂತರು. ಬರೆದುಕೊಂಡು ಬಂದ ಭಾಷಣ ಪ್ರಜಾಪ್ರಭುತ್ವದ ಕುರಿತಾಗಿತ್ತು. ಅದು ಅವರ ಜೇಬಿನಲ್ಲೇ ಉಳಿಯಿತು. ಅವರು ಸಭಾಂಗಣದ ಬಾಗಿಲುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಅವರ ಬಾಯಿಂದ ಬಂದ ಮಾತು ಇದು:

"ಸ್ನೇಹಿತರೇ, ಈ ಸಭಾಂಗಣಕ್ಕೆ ಎರಡು ತುರ್ತು ಬಾಗಿಲುಗಳಿವೆ. ಒಂದರ ಮುಂದೆ ನೀವು ಊಟದ ಟೇಬಲ್ ಇಟ್ಟಿದ್ದೀರಿ. ಬೆಂಕಿ ಬಿದ್ದರೆ ಯಾರೂ ಹೊರಗೆ ಹೋಗುವುದಿಲ್ಲ ಅಂತ ನನಗೆ ಈಗ ಖಾತ್ರಿಯಾಗಿದೆ."

ಸಭೆ ಚಪ್ಪಾಳೆಯಲ್ಲಿ ಮುಳುಗಿತು. ಯಾರೋ ಸೀಟಿ ಹೊಡೆದರು. ಸಾಹೇಬರು ಅಪರಾಧ ಮಾಡಿದವರ ಹಾಗೆ ಬಂದು ಕೂತರು. ಅಧ್ಯಕ್ಷರು ನನ್ನ ಕಿವಿಯಲ್ಲಿ, "ಪಕ್ಕಾ ಎಂಪಿ ಮಾರಾಯ್ರೇ ಇವರು, ಚೂರೂ ಸಂಶಯ ಇಲ್ಲ," ಎಂದರು.

ಆಮೇಲೆ ನನ್ನ ಸರದಿ. 'ಈಗ ವಂದನಾರ್ಪಣೆ' ಎಂದು ನಿರೂಪಕಿ ಹೇಳಿದ್ದೇ, ಅದು ಊಟದ ಗಂಟೆಯೇನೋ ಎಂಬಂತೆ ಇಡೀ ಸಭೆ ಎದ್ದಿತು. ವೇದಿಕೆಯ ಗಣ್ಯರೂ ಇಳಿದರು. ನಾನು ಅಭ್ಯಾಸದಂತೆ ಕಣ್ಣು ಮೇಲಿನ ದೀಪಗಳ ಕಡೆ ಇಟ್ಟು ಹಾಲಿನ ಬೀಗ ತೆಗೆದವರಿಂದ ಹಿಡಿದು ಶುರುಮಾಡಿದೆ. ಮಧ್ಯದಲ್ಲಿ ಕೆಳಗೆ ನೋಡಿದರೆ ಒಂದು ಪೇಟ ಕಂಡಿತು. ಸಾಹೇಬರು ಒಬ್ಬರೇ ಮುಂದಿನ ಸಾಲಿಗೆ ಬಂದು ನೆಟ್ಟಗೆ ಕೂತಿದ್ದರು, ಒಂದಕ್ಷರ ಅರ್ಥವಾಗದ ಕನ್ನಡವನ್ನು ಕೊನೆಯ ಪದದವರೆಗೆ ಕೇಳಿದರು. ನನ್ನ ವೃತ್ತಿಜೀವನದಲ್ಲಿ ಹೀಗಾದದ್ದು ಅದೇ ಮೊದಲು. ನಾನು ಧ್ವನಿವರ್ಧಕದವರ ಹೆಸರನ್ನು ಎರಡು ಸಲ ಹೇಳಿದೆ.

ಸಂಜೆ ದುಬೈಗೆ ಮರಳುವಾಗ ಕಾರು ಅವರೇ ಓಡಿಸಿದರು. ಹಿಂದಿನ ಸೀಟಿನಲ್ಲಿ ಹಣ್ಣಿನ ಬುಟ್ಟಿ ಬೆಲ್ಟ್ ಕಟ್ಟಿಕೊಂಡು ಕೂತಿತ್ತು. ಎರಡೂ ಕಡೆ ಮರಳು ಕೆಂಪಾಗುತ್ತಿತ್ತು. ಅರ್ಧ ದಾರಿ ಬಂದ ಮೇಲೆ ಅವರು ಕೇಳಿದರು:

"ಕೊನೆಗೆ ನೀವು ಮಾತಾಡಿದಿರಲ್ಲ, ಅದೇನು? ನಿಮ್ಮ ಒಂದೊಂದು ಮಾತಿಗೂ ಹಾಲಿನ ಮೂಲೆಯಿಂದ ಒಬ್ಬೊಬ್ಬರು ತಲೆಯೆತ್ತುತ್ತಿದ್ದರು. ವೈರ್ ಸುತ್ತುತ್ತಿದ್ದವರು ಕೈ ನಿಲ್ಲಿಸಿ ನಿಮ್ಮನ್ನು ನೋಡಿದರು. ಗುಡಿಸಲು ಬಂದ ಹೆಂಗಸು ಪೊರಕೆ ಹಿಡಿದೇ ನಿಂತುಬಿಟ್ಟರು."

ಅದು ವಂದನಾರ್ಪಣೆ ಎಂದೆ. ನಮ್ಮಲ್ಲಿ ಎಲ್ಲ ಸಭೆಗಳೂ ಅದರಿಂದಲೇ ಮುಗಿಯುವುದು ಎಂದೆ.

"ಯಾರನ್ನು ಮೊದಲು ಹೇಳಿದಿರಿ?"

"ಬೀಗ ತೆಗೆದವರನ್ನು. ಆಮೇಲೆ ಕುರ್ಚಿ ಹಾಕಿದವರು, ಮೈಕಿನವರು, ಅಡುಗೆಯವರು. ಗಣ್ಯರು ಕೊನೆಗೆ."

"ಯಾಕೆ ಕೊನೆಗೆ?"

"ಅವರು ಹೇಗೂ ಆಗ ಊಟಕ್ಕೆ ಹೋಗಿರುತ್ತಾರೆ."

ಸಾಹೇಬರು ನಗಲಿಲ್ಲ. ತಲೆದೂಗಿದರು. ನಾನು ಹುರುಪಿನಿಂದ ಮುಂದುವರಿಸಿದೆ. 'ಎಲ್ಲರಿಗೂ ಧನ್ಯವಾದ' ಎನ್ನುವುದು ಯಾರಿಗೂ ಧನ್ಯವಾದ ಹೇಳದೆ ತಪ್ಪಿಸಿಕೊಳ್ಳುವ ದಾರಿ. ಯಾರು, ಏನು ಮಾಡಿದರು, ಅದನ್ನು ಹೇಳಬೇಕು. ಅದಕ್ಕಾಗಿ ನಾನು ಸಭೆಗೆ ಎಲ್ಲರಿಗಿಂತ ಮೊದಲು ಹೋಗಿ, ಯಾರು ಯಾವ ಟೇಬಲ್ ಎತ್ತಿದರು ಎಂದು ನೋಡಿಕೊಳ್ಳುತ್ತೇನೆ. ಹೇಳಿಸಿಕೊಂಡವರು ಮರುದಿನ ಮರೆತರೂ ಮರೆತಾರು, ಬಿಟ್ಟುಹೋದವರು ಮಾತ್ರ ಸಾಯುವ ತನಕ ಮರೆಯುವುದಿಲ್ಲ. ಅದರಲ್ಲಿಯೂ ಹೆಂಡತಿಯನ್ನು ಕಟ್ಟಕಡೆಗೆ ಹೇಳಬೇಕು, ಆದರೆ ಹೇಳಲೇಬೇಕು. ಒಂದು ವರ್ಷ ನಾನು ಜನರೇಟರಿನವರನ್ನು ನೆನೆದು ಅವಳನ್ನು ಬಿಟ್ಟದ್ದಕ್ಕೆ, ಮನೆಯಲ್ಲಿ ಕರೆಂಟ್ ಹೋದಾಗಲೆಲ್ಲ "ನಿಮ್ಮ ಜನರೇಟರಿನವರನ್ನು ಕರೀರಿ" ಎಂಬ ಮಾತು ಕೇಳಬೇಕಾಯಿತು. ದುಬೈಯಲ್ಲಿ ಕರೆಂಟ್ ಹೋಗುವುದು ಅಪರೂಪ ಎಂಬುದೊಂದೇ ಸಮಾಧಾನ.

"ನನಗೆ ಅದನ್ನು ಕಲಿಸಿ," ಎಂದರು ಸಾಹೇಬರು.

ಹೀಗೆ ನಮ್ಮ ಪಾಠ ಶುರುವಾಯಿತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೀಟಿಂಗ್ ಕೋಣೆಯ ಬಾಗಿಲು ಹಾಕಿಕೊಂಡು ಅವರು ಒಂದು ತುದಿಯಲ್ಲಿ ನಿಲ್ಲುತ್ತಿದ್ದರು. ನಾನು ಇನ್ನೊಂದು ತುದಿಯಲ್ಲಿ ಮೊಸರನ್ನದ ಡಬ್ಬಿಯೊಂದಿಗೆ ಸಾರ್ವಜನಿಕರಾಗಿ ಕೂರುತ್ತಿದ್ದೆ. ಮೊದಮೊದಲು ಅವರ ಧನ್ಯವಾದವೂ ತಪಾಸಣಾ ವರದಿಯ ಹಾಗೆಯೇ ಇತ್ತು: ಚಹಾ ನೀಡಲಾಗಿದೆ, ತೃಪ್ತಿಕರ. ನಾನು ಅನ್ನ ಬಿಟ್ಟು ತಲೆಯಾಡಿಸುತ್ತಿದ್ದೆ. ಆ ಚಹಾವನ್ನು ಮಾಡಿದ್ದು ಯಾರು, ಅವರ ಮುಖ ಹೇಗಿತ್ತು, ಸಕ್ಕರೆ ಬೇಡವೆಂದು ನೀವು ಹೇಳಿದ್ದು ಅವರಿಗೆ ನೆನಪಿತ್ತೇ, ಎಂದು ಕೇಳುತ್ತಿದ್ದೆ. ನಿಧಾನಕ್ಕೆ ಅವರಿಗೆ ಜನ ಕಾಣತೊಡಗಿದರು. ಮೊದಲು ಬಾಗಿಲು ನೋಡುತ್ತಿದ್ದ ಮನುಷ್ಯ ಈಗ ಬಾಗಿಲು ತೆರೆದವರನ್ನೂ ನೋಡುತ್ತಿದ್ದರು. ತಮ್ಮ ಮೇಲಧಿಕಾರಿಗೆ 'ಸಾಲದು, ಇನ್ನೊಮ್ಮೆ ಹೇಳಿ' ಎನ್ನುವ ಭಾಗ್ಯ ಎಷ್ಟು ಗುಮಾಸ್ತರಿಗೆ ಸಿಕ್ಕಿದೆಯೋ ತಿಳಿಯದು. ನಾನು ಅದನ್ನು ಅಗತ್ಯಕ್ಕಿಂತ ಕೊಂಚ ಹೆಚ್ಚೇ ಬಳಸಿಕೊಂಡೆ.

ಅಭ್ಯರ್ಥಿಯನ್ನು ಆರಿಸುವ ಸಭೆಗೆ ರಜೆ ಹಾಕಿ ಊರಿಗೆ ಹೋದರು. ಮರುದಿನ ಫೋನ್ ಬಂತು. ಉಳಿದವರೆಲ್ಲ ದೇಶದ ಆರ್ಥಿಕತೆಯಿಂದ ಶುರುಮಾಡಿದರಂತೆ. ಇವರು ಆ ಚಳಿಯಲ್ಲಿ ಎಲ್ಲರಿಗಿಂತ ಮೊದಲು ಬಂದು ಸಭಾಂಗಣದ ಹೀಟರ್ ಹಚ್ಚಿದ ಮುದುಕರಿಂದ, ಚಹಾ ಮಾಡಿದ ಇಬ್ಬರು ಅಜ್ಜಿಯರಿಂದ ಶುರುಮಾಡಿದರು. ಆ ಅಜ್ಜಿಯರಲ್ಲಿ ಒಬ್ಬರು ಇವರ ತಾಯಿಯ ಜೊತೆ ಅದೇ ಶಾಲೆಯ ಅಡುಗೆಮನೆಯಲ್ಲಿ ಇದ್ದವರು. ಚಿಕ್ಕಂದಿನಲ್ಲಿ ಇವರಿಗೆ ಆಲೂಗಡ್ಡೆ ಬಡಿಸಿದವರು. ಅಲ್ಲಿಂದ ಬಸ್ಸಿನ ವಿಷಯಕ್ಕೆ ಬರುವುದು ಕಷ್ಟವಾಗಲಿಲ್ಲ.

"ಆಯಿತೋ?" ಎಂದೆ.

"ಆಯಿತು. ನಾನು ಅಭ್ಯರ್ಥಿ. ಇನ್ನು ನಿಮ್ಮ ಬ್ಯಾನರ್ ಅರ್ಧ ನಿಜ."

ಆಫೀಸಿನಲ್ಲಿ ಅವರ ಬೀಳ್ಕೊಡುಗೆಗೆ ವಂದನಾರ್ಪಣೆ ನನ್ನದೇ. ಈ ಸಲ ಬಿಡುವುದಿಲ್ಲವೆಂದು ನಿಶ್ಚಯಿಸಿದ್ದೆ. ಹೆಡ್ ಆಫೀಸಿನ ಜಗಳ, ಮಗಳ ಪರೀಕ್ಷೆ, ಎಲ್ಲವನ್ನೂ ಎಲ್ಲರೆದುರು ಹೇಳುವವನಿದ್ದೆ. ಕೇಕ್ ತಂದವರು, ಬಲೂನು ಕಟ್ಟಿದವರು, ಸೆಕ್ಯುರಿಟಿಯವರು ಮುಗಿದು, 'ಕೊನೆಯದಾಗಿ' ಎಂದು ಸಾಹೇಬರ ಕಡೆ ತಿರುಗಿದೆ. ಅಷ್ಟರಲ್ಲಿ ಕಟ್ಟಡದ ಬೆಂಕಿ ಅಲಾರಾಂ ಹೊಡೆದುಕೊಂಡಿತು. ನಮ್ಮದೇ ಕಂಪನಿ ಕೂರಿಸಿದ ಅಲಾರಾಂ. ಮೇಲಿನ ಮಹಡಿಯಲ್ಲಿ ಯಾರೋ ಬ್ರೆಡ್ ಸುಟ್ಟಿದ್ದರು. ಎಲ್ಲರೂ ಮೆಟ್ಟಿಲಿಳಿದು ಉರಿಬಿಸಿಲಿನ ಪಾರ್ಕಿಂಗಿನಲ್ಲಿ ನಿಂತೆವು. ಸಾಹೇಬರು ಗಡಿಯಾರ ನೋಡಿಕೊಂಡು, ಇಷ್ಟು ಬೇಗ ಎಲ್ಲರೂ ಹೊರಗೆ ಬಂದದ್ದೇ ತಮಗೆ ಸಿಕ್ಕ ಅತ್ಯುತ್ತಮ ಬೀಳ್ಕೊಡುಗೆ ಎಂದು ಘೋಷಿಸಿ ಎಲ್ಲರ ಕೈಕುಲುಕಿದರು. ನನ್ನ 'ಕೊನೆಯದಾಗಿ' ಅಲ್ಲಿಯೇ ನಿಂತಿತು.

ಆ ಚುನಾವಣೆಯಲ್ಲಿ ಅವರು ಗೆದ್ದರು. ಅವರ ದೇಶದಲ್ಲಿ ಗುರುವಾರ ಓಟು, ರಾತ್ರಿಯೆಲ್ಲ ಎಣಿಕೆ. ಫಲಿತಾಂಶ ಬರುವ ಹೊತ್ತಿಗೆ ನಮಗೆ ಶುಕ್ರವಾರ ಬೆಳಗಿನ ತಿಂಡಿಯ ಸಮಯ, ಅದೂ ರಜೆ. ಬ್ರಿಟಿಷ್ ಸಂವಿಧಾನ ದುಬೈಯ ಕನ್ನಡಿಗರಿಗೆ ಮಾಡಿದ ಈ ಅನುಕೂಲವನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ. ಅಧ್ಯಕ್ಷರು ಫೋನ್ ಮಾಡಿ, "ಆ ಬ್ಯಾನರ್ ಉಂಟಲ್ಲ, ನಮ್ಮ ಗೋಡೌನಲ್ಲಿ ಉಂಟು. ಭಾವಿ ಅಂತ ಇರುವಲ್ಲಿಗೆ ಒಂದು ಸ್ಟಿಕರ್ ಅಂಟಿಸಿದ್ರೆ ಆಯ್ತು," ಎಂದರು.

ಪಾರ್ಲಿಮೆಂಟಿನ ಕುರಿತು ಸಾಹೇಬರು ಫೋನಿನಲ್ಲಿ ಹೇಳಿದ ಸಂಗತಿಗಳು ನನಗೆ ಬಹಳ ಪರಿಚಿತವಾಗಿ ಕಂಡವು. ಸದಸ್ಯರೆಲ್ಲ ಬಂದರೆ ಕೂರಲು ಜಾಗ ಸಾಲುವುದಿಲ್ಲ. ನಮ್ಮ ದೀಪಾವಳಿ ಊಟದ ಹಾಗೆಯೇ. ಮಾತಾಡಬೇಕೆಂದರೆ ಮತ್ತೆ ಮತ್ತೆ ಎದ್ದು ನಿಂತು ಸಭಾಪತಿಯ ಕಣ್ಣಿಗೆ ಬೀಳಬೇಕು. ನಮ್ಮ ವಾರ್ಷಿಕ ಸಭೆಯ ಹಾಗೆಯೇ. ಹೊಸ ಸದಸ್ಯರು ಮೊದಲ ಭಾಷಣದಲ್ಲಿ, ತಮಗಿಂತ ಮೊದಲು ಆ ಕ್ಷೇತ್ರದಲ್ಲಿ ಇದ್ದವರಿಗೆ, ಅವರು ಎದುರು ಪಕ್ಷದವರಾದರೂ ಕೂಡ, ಒಳ್ಳೆಯ ಮಾತು ಹೇಳುವ ಸಂಪ್ರದಾಯ ಉಂಟಂತೆ. ಅದನ್ನು ಕೇಳಿ ನನಗೆ ಆ ದೇಶದ ಮೇಲೆ ಗೌರವ ಹೆಚ್ಚಿತು. ಅವರ ಆ ಭಾಷಣವನ್ನು ಆಫೀಸಿನ ಕಂಪ್ಯೂಟರಿನಲ್ಲಿ ನೋಡಿದೆ. ಸಾಹೇಬರು ಬಾಗಿಲಿನ ಕಾವಲುಗಾರರಿಂದ ಶುರುಮಾಡಿದರು. ಸುತ್ತ ಕೂತವರು ನಕ್ಕರು. ಆದರೆ ಯಾರೂ ಎದ್ದು ಊಟಕ್ಕೆ ಹೋಗಲಿಲ್ಲ.

ಶುಕ್ರವಾರ, ಶನಿವಾರ ತಮ್ಮೂರಿನಲ್ಲಿ ಬಾಗಿಲು ತೆರೆದು ಕೂರುತ್ತಿದ್ದರು. ಜನ ಬಂದು ಮನೆಯ ಮಾಡು ಸೋರುವುದು, ಪಿಂಚಣಿ, ಪಕ್ಕದ ಮನೆಯ ನಾಯಿ ಎಲ್ಲ ಹೇಳಿಕೊಳ್ಳುತ್ತಿದ್ದರು. ಆಸ್ಪತ್ರೆಗೆ ಬಸ್ಸು ಬಂತು. ಆ ದಿನ ನನಗೆ ಬಸ್ಸಿನ ಫೋಟೋ ಕಳಿಸಿದ್ದರು. ಪಕ್ಕದಲ್ಲಿ ಇವರಿಲ್ಲ, ಬಸ್ಸಿನ ಡ್ರೈವರ್ ಮಾತ್ರ ನಿಂತಿದ್ದ.

ಮಧ್ಯೆ ಒಂದು ಸಮ್ಮೇಳನಕ್ಕೆಂದು ದುಬೈಗೂ ಬಂದು ಹೋದರು. ಅಧ್ಯಕ್ಷರು ಶಾಲಿನೊಂದಿಗೆ ಹೋಟೆಲಿಗೇ ನುಗ್ಗಿದರು. ಸಂಸದರು ಇಂತಿಷ್ಟು ಬೆಲೆ ಮೀರಿದ ಉಡುಗೊರೆ ಪಡೆದರೆ ಪಾರ್ಲಿಮೆಂಟಿನಲ್ಲಿ ಬರೆಸಬೇಕು, ಎಲ್ಲರೂ ಅದನ್ನು ಓದಬಹುದು ಎಂದು ಸಾಹೇಬರು ವಿವರಿಸಿದರು. ಈ ಶಾಲಿಗೆ ಅದೇನೂ ಬೇಕಾಗುವುದಿಲ್ಲ ಎಂದು ಸಮಾಧಾನವನ್ನೂ ಹೇಳಿದರು. ಅಧ್ಯಕ್ಷರಿಗೆ ಸಮಾಧಾನವಾಗಲಿಲ್ಲ.

"ನಮ್ಮ ಸಂಘದ ಹೆಸರು ಲಂಡನ್ನಿನ ಪಾರ್ಲಿಮೆಂಟಲ್ಲಿ ಬರೀಲಿಕ್ಕೆ ಉಂಟು ಅಂತ ಮೊದಲೇ ಹೇಳ್ಬಾರ್ದಾ ಮಾರಾಯ್ರೇ?" ಎಂದು ನನ್ನನ್ನೇ ಗದರಿದರು. "ಇದಕ್ಕಿಂತ ದೊಡ್ಡ ಶಾಲು ತರ್ತಿದ್ದೆ!"

ಐದು ವರ್ಷಕ್ಕೆಂದು ಗೆಲ್ಲಿಸಿ ಕಳಿಸಿದ್ದರು. ಎರಡೇ ವರ್ಷಕ್ಕೆ ಮತ್ತೆ ಚುನಾವಣೆ ಬಂತು. ಮೇಲಿನವರಿಗೆ ಹಾಗೆ ತೋಚಿತಂತೆ. ಸಾಹೇಬರು ಫೋನಿನಲ್ಲಿ, "ಗಾಳಿ ಸರಿಯಿಲ್ಲ. ಮನೆಮನೆ ಬಾಗಿಲು ತಟ್ಟುತ್ತಿದ್ದೇನೆ. ತೆರೆಯುತ್ತಾರೆ, ಚಹಾ ಕೊಡುತ್ತಾರೆ, ಓಟಿನ ಮಾತು ಬಂದರೆ ನಾಯಿಯ ವಿಷಯ ತೆಗೆಯುತ್ತಾರೆ," ಎಂದರು. ಈ ಸಲ ಸೋತರೆ ಮತ್ತೆ ನಿಲ್ಲುವ ಶಕ್ತಿ ಇಲ್ಲ ಎಂದೂ ಹೇಳಿದರು. ಅವರು ಸುಸ್ತಾದ ಮಾತು ಆಡಿದ್ದು ನಾನು ಅದುವರೆಗೆ ಕೇಳಿರಲಿಲ್ಲ.

ಎಣಿಕೆಯ ಆ ಶುಕ್ರವಾರ ರಂಜಾನ್ ತಿಂಗಳು, ಹೊರಗೆ ಬೀದಿಯೆಲ್ಲ ನಿಶ್ಶಬ್ದ. ಹೆಂಡತಿ ನೀರುದೋಸೆ ಎರೆಯುತ್ತಿದ್ದಳು. ರಜೆಗೆ ಬಂದಿದ್ದ ಮಗಳು ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು ಅವರ ಊರಿನ ಎಣಿಕೆಯ ನೇರಪ್ರಸಾರ ಹುಡುಕಿಕೊಟ್ಟಳು. ಒಂದು ಆಟದ ಹಾಲ್. ವೇದಿಕೆಯ ಮೇಲೆ ಅಭ್ಯರ್ಥಿಗಳೆಲ್ಲ ಸಾಲಾಗಿ ನಿಂತಿದ್ದರು. ಒಬ್ಬರು ಕೋಳಿಯ ವೇಷದಲ್ಲಿದ್ದರು.

"ಯಕ್ಷಗಾನದವರಾ?" ಎಂದಳು ಹೆಂಡತಿ, ಸೌಟು ಹಿಡಿದುಕೊಂಡೇ ಬಂದು.

"ಕ್ಯಾಂಡಿಡೇಟ್, ಅಮ್ಮಾ. ದೇರ್ ಇಟ್ಸ್ ಅಲೌಡ್."

"ಪುಣ್ಯಾತ್ಮ, ಇಷ್ಟು ಹೊತ್ತು ಆ ವೇಷದಲ್ಲಿ ಹೇಗೆ ನಿಂತ!"

ಅಧಿಕಾರಿ ಒಬ್ಬೊಬ್ಬರ ಮತಗಳನ್ನು ಓದಿದರು. ಸಾಹೇಬರ ಹೆಸರು ಬಂದಾಗ ಹಾಲಿನ ಒಂದು ಕಡೆ ಗುಸುಗುಸು. ಇನ್ನೊಬ್ಬರ ಹೆಸರು ಬಂದಾಗ ಇನ್ನೊಂದು ಕಡೆ ಚೀರಾಟ. ಮಗಳು ನನ್ನ ಮುಖ ನೋಡಿದಳು. ಗೆದ್ದ ಯುವತಿ ಮಾತಾಡಿದರು. ಆ ದೇಶದಲ್ಲಿ ಸೋತವರಿಗೂ ಮೈಕ್ ಕೊಡುತ್ತಾರೆ. ಸಾಹೇಬರು ಮುಂದೆ ಬಂದರು. ಕೂದಲು ನೆರೆತಿತ್ತು, ಕೋಟಿನ ಒಂದು ಬದಿ ಜೋತಿತ್ತು. ಗೆದ್ದವರ ಕಡೆಯವರು ಇನ್ನೂ ಕುಣಿಯುತ್ತಿದ್ದರು, ಇವರ ಕಡೆಯವರು ಕೋಟು ಹಾಕಿಕೊಂಡು ಬಾಗಿಲ ಕಡೆ ಹೊರಟಿದ್ದರು. ನನಗೆ ಚೆನ್ನಾಗಿ ಗೊತ್ತಿದ್ದ ದೃಶ್ಯ.

ಅವರು ಹಾಲಿನ ಬೀಗ ತೆಗೆದವರಿಂದ ಶುರುಮಾಡಿದರು.

ಆಮೇಲೆ ಮೇಜು ಕುರ್ಚಿ ಹಾಕಿದವರು. ರಾತ್ರಿಯೆಲ್ಲ ಮತ ಎಣಿಸಿದವರು, ಅವರ ಬೆರಳುಗಳಿಗೆ ನೋವಾಗಿರಬೇಕು ಎಂದರು. ಚಹಾ ತಂದವರು. ಪೊಲೀಸರು. ಮೈಕಿನವರು. ಬಾಗಿಲ ಕಡೆ ಹೋಗುತ್ತಿದ್ದವರು ನಿಂತರು. ಗೆದ್ದ ಯುವತಿಗೆ, ಮುಂದೆ ಬಸ್ಸನ್ನು ನೋಡಿಕೊಳ್ಳಿ ಎಂದರು. ಕೋಳಿಗೆ, ಇಡೀ ಪ್ರಚಾರದಲ್ಲಿ ತಮ್ಮ ಬಗ್ಗೆ ಕೆಟ್ಟ ಮಾತಾಡದ ಏಕೈಕ ಅಭ್ಯರ್ಥಿ ಎಂದು ಧನ್ಯವಾದ ಹೇಳಿದರು. ತಮಗೆ ಓಟು ಕೊಡದೆ ಚಹಾ ಕೊಟ್ಟವರಿಗೆ, ಚಹಾ ಚೆನ್ನಾಗಿತ್ತು ಎಂದರು. ಕಟ್ಟಕಡೆಗೆ ಹೆಂಡತಿಯನ್ನು ಹೇಳಿದರು. ಅಷ್ಟು ಹೊತ್ತಿಗೆ ಎರಡೂ ಕಡೆಯವರು ಸುಮ್ಮನೆ ನಿಂತು ಕೇಳುತ್ತಿದ್ದರು.

"ಹೆಂಡತಿಯನ್ನು ಬಿಡ್ಲಿಲ್ಲ ನೋಡಿ," ಎಂದಳು ನನ್ನ ಹೆಂಡತಿ. ದೋಸೆ ಸೀದ ವಾಸನೆ ಬರುತ್ತಿತ್ತು. ಯಾರೂ ಏಳಲಿಲ್ಲ.

ಸಂಜೆ ಫೋನ್ ಮಾಡಿದೆ. ಅವರು ನಿದ್ದೆ ಮಾಡಿ ಎದ್ದಿದ್ದರು. ನಾನು ಅಭ್ಯಾಸದಂತೆ ಕೆಮ್ಮಿ, ಹೆಡ್ ಆಫೀಸಿನ ಜಗಳದ ವಿಷಯ ಎತ್ತಿದೆ. ಲಾರಿ ಸಿಗಲಿಲ್ಲ ಎನ್ನುತ್ತಾರೆಂದು ಒಂದು ಕ್ಷಣ ನಿಲ್ಲಿಸಿದೆ.

"ಮುಂದುವರಿಸಿ," ಎಂದರು. "ಇವತ್ತಿನಿಂದ ನನಗೆ ಬೇಕಾದಷ್ಟು ಸಮಯವಿದೆ."

ಹೇಳಿದೆ. ಬಿಡದೆ ಹೇಳಿದೆ. ಅವತ್ತು ಅವರು ಆಡಿದ ಜಗಳ, ಮಗಳು ಬರೆದ ಪರೀಕ್ಷೆ, ಅದರಿಂದ ಅವಳಿಗೆ ಸಿಕ್ಕ ಕಾಲೇಜು, ಅವಳು ಈಗ ಫಾರ್ಮಸಿ ಓದುತ್ತಿರುವುದು, ಅಬುಧಾಬಿಯ ಹಾಲಿನಲ್ಲಿ ಮುಂದಿನ ಸಾಲಿನಲ್ಲಿ ಕೂತ ಒಂದು ಪೇಟ. ಅವರು ನಡುವೆ ಬಾಯಿ ಹಾಕಲಿಲ್ಲ. ಯಾವ ಅಲಾರಾಂ ಕೂಡ ಹೊಡೆದುಕೊಳ್ಳಲಿಲ್ಲ. ಮುಗಿದ ಮೇಲೆ, "ಕ್ರಮ ಸರಿಯಿತ್ತು," ಎಂದರು. "ಆದರೆ ಲಾರಿಯವರನ್ನು ಬಿಟ್ಟಿರಿ."

ಆ ಕ್ಷೇತ್ರದ ಸದಸ್ಯೆ ಈಗ ಆ ಯುವತಿ. ಸಾಹೇಬರು ಮತ್ತೆ ಚುನಾವಣೆಗೆ ನಿಲ್ಲಲಿಲ್ಲ; ಅದೇ ಊರಿನ ಶಾಲೆಗಳ ತುರ್ತು ಬಾಗಿಲುಗಳನ್ನು ತಪಾಸಣೆ ಮಾಡುವ ಕೆಲಸಕ್ಕೆ ಸೇರಿದರು. ಆಸ್ಪತ್ರೆಗೆ ಬಸ್ಸು ಹೋಗುತ್ತಿದೆ.